ನಾಯಿಗಳ ಉಣ್ಣೆ

ಸೋದರಮಾವನ ಉಣ್ಣೆ ಬಟ್ಟೆಯಂಗಡಿಯಲ್ಲಿ ಅವನು ಮಾರಾಟಗಾರ. ಮಾರಾಟವೊಂದನ್ನು ಬಿಟ್ಟು ಉಳಿದೆಲ್ಲ ಚೆನ್ನಾಗಿ ಮಾಡುತ್ತಿದ್ದ. ಸ್ವೆಟರುಗಳನ್ನು ಬಣ್ಣ ನೋಡಿ ಜೋಡಿಸುತ್ತಿದ್ದ, ಕನ್ನಡಿ ಒರೆಸುತ್ತಿದ್ದ, ಗಿರಾಕಿ ಕೇಳದ ಪ್ರಶ್ನೆಗೂ ಉತ್ತರ ಕೊಡುತ್ತಿದ್ದ.

"ಚಳಿ ಮುಗಿಯೋದ್ರೊಳಗೆ ಈ ಕಪಾಟು ಖಾಲಿ ಮಾಡು. ಇಲ್ಲಾಂದ್ರೆ ನೀನೇ ಜಾಗ ಖಾಲಿ ಮಾಡು," ಎಂದು ಮಾವ ನಗುತ್ತಲೇ ಹೇಳಿದ್ದರು. ಅವರು ನಗುತ್ತ ಹೇಳಿದ್ದನ್ನು ಮಾಡಿಯೇ ತೀರುತ್ತಾರೆಂದು ಮನೆಯವರಿಗೆಲ್ಲ ಗೊತ್ತು.

ಅಷ್ಟರಲ್ಲಿ ಪಕ್ಕದ ಮಳಿಗೆಗೆ ಪಶುವೈದ್ಯೆಯೊಬ್ಬರು ಬಂದು ಬೋರ್ಡು ಹಾಕಿಸಿದರು: 'ಇಲ್ಲಿ ನಾಯಿಗಳ ಉಣ್ಣೆ ತೆಗೆಯಲಾಗುವುದು.' ನಾಯಿಯ ಮೈಗೆ ಕಚ್ಚಿಕೊಂಡು ರಕ್ತ ಹೀರುವ ಹುಳಕ್ಕೂ ಉಣ್ಣೆ ಎನ್ನುತ್ತಾರೆಂದು ಅವನಿಗೆ ಗೊತ್ತಿತ್ತು. ಗಿರಾಕಿಗಳಿಗೆ ಗೊತ್ತಿರಲಿಲ್ಲ. ಒಬ್ಬ ಹೆಂಗಸು ಸ್ವೆಟರು ಮೂಸಿ ನೋಡಿ, "ಪಕ್ಕದಲ್ಲಿ ತೆಗೆದು ಇಲ್ಲಿ ಹೆಣೀತೀರಾ?" ಎಂದರು.

"ಅಯ್ಯೋ ಇಲ್ಲಮ್ಮ, ಅದು ಹುಳ," ಎಂದು ಅವನು ವಿವರಿಸಿದ.

ಆಕೆ ಸ್ವೆಟರನ್ನು ಕೆಳಗೆ ಹಾಕಿ ಕೈ ಒರೆಸಿಕೊಂಡು ಹೊರಟೇಹೋದರು.

ಅವನು ಪಕ್ಕದ ಮಳಿಗೆಗೆ ಓಡಿದ.

"ಡಾಕ್ಟ್ರಮ್ಮ, ಬೇರೆ ಪದ ಹಾಕಿ. ತಿಗಣೆ ಅನ್ನಿ."

"ಅದು ಮಂಚದ್ದಪ್ಪ."

"ಜಿಗಣೆ?"

"ಅದು ನೀರಿನದು."

"ಚಿಗಟ?"

"ಅದು ನಾಯೀದೇ. ಆದ್ರೆ ಅದು ಕುಪ್ಪಳಿಸುತ್ತೆ, ಏನೋ ಒಂದು ಮಾಡುತ್ತೆ. ಇದು ಕಚ್ಕೊಂಡು ಕೂತ್ರೆ ಮುಗೀತು, ಎಬ್ಬಿಸೋ ತನಕ ಏಳಲ್ಲ."

ಮಾವ ಅವನ ಬಗ್ಗೆ ಆಡುತ್ತಿದ್ದುದೂ ಇದೇ ಮಾತು.

"ನಮ್ಮ ಉಣ್ಣೆ ರಕ್ತ ಉಣ್ಣುತ್ತೆ," ಎಂದರು ಡಾಕ್ಟ್ರಮ್ಮ ಕೈಗವಸು ಕಳಚುತ್ತ. "ನಿಮ್ಮುಣ್ಣೆ ಏನು ಉಣ್ಣುತ್ತೆ?"

"ಅದೇನೂ ಉಣ್ಣಲ್ಲ ಡಾಕ್ಟ್ರಮ್ಮ. ಅದು ಮಾರಾಟ ಆದ್ರೆ ನಾನು ಉಣ್ತೀನಿ."

ಆಕೆಗೆ ಪಾಪ ಅನ್ನಿಸಿತು. "ಏನು ಬೇಕೋ ನೀನೇ ಬರ್ಕೋ," ಎಂದರು. ಅವನು ಬಣ್ಣದ ಡಬ್ಬಿ ಹಿಡಿದು ಏಣಿ ಹತ್ತಿದ. ಉಣ್ಣೆಯ ಪಕ್ಕ 'ಹುಳ' ಸೇರಿಸಲು ಜಾಗ ಸಾಲಲಿಲ್ಲ. ಸರಿ, 'ನಾಯಿಗಳ ಉಣ್ಣೆ' ಎಂಬುದನ್ನೇ ಅಳಿಸಿ ಆ ಜಾಗದಲ್ಲಿ 'ಉಣ್ಣೆ ಹುಳ' ಎಂದು ಬರೆದ. ಕೆಳಗಿಳಿದು ನೋಡಿದರೆ 'ಇಲ್ಲಿ ಉಣ್ಣೆ ಹುಳ ತೆಗೆಯಲಾಗುವುದು' ಎಂದಿತ್ತು. ತನ್ನ ಅಂಗಡಿಯ ಮಾಲಿಗೆ ತಾನೇ ಹುಳ ಹಿಡಿಸಿದ್ದು ಆಗ ಹೊಳೆಯಿತು.

ಏಣಿ ಇನ್ನೂ ಗೋಡೆಗೆ ಒರಗಿತ್ತು, ಅಷ್ಟರಲ್ಲೇ ಬೋರ್ಡು ಓದಿದ ಮುದುಕರೊಬ್ಬರು ಅವನ ಹಿಂದೆಯೇ ಅಂಗಡಿಯೊಳಗೆ ಬಂದರು. "ಉಣ್ಣೆಗೆ ಹುಳ ಬಿದ್ರೆ ಪಕ್ಕದಲ್ಲೇ ತೆಗೆದು ಕೊಡ್ತಾರಾ? ಈ ಅನುಕೂಲ ಬೇರೆಲ್ಲೂ ಇಲ್ಲ ಬಿಡಿ."

ವಿವರಣೆ ಅವನ ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು. ಗಲ್ಲಾದಲ್ಲಿ ಕೂತಿದ್ದ ಮಾವ ಕಣ್ಣು ಕೆಕ್ಕರಿಸಿದರು.

"ಅವರು ತುಂಬ ಓದ್ಕೊಂಡೋರು ತಾತ," ಎಂದಷ್ಟೇ ಹೇಳಿದ.

ತಾತ ತನಗೊಂದು, ಹೆಂಡತಿಗೊಂದು, ಬೀಗರಿಗೊಂದು ಸ್ವೆಟರು ಕಟ್ಟಿಸಿಕೊಂಡರು. ಅವರು ಮೆಟ್ಟಿಲಿಳಿದ ಮೇಲೆ ಮಾವ ಅಂಗಡಿಯ ಬೀಗದ ಕೈಯನ್ನು ಅವನತ್ತ ಸರಿಸಿ, "ನಾಳೆ ಬೇಗ ಬಂದು ತೆಗಿ," ಎಂದರು.