ರೇಷ್ಮೆ ಹುಳಕ್ಕೆ ಸೋತ ಕಾರು

ಗೆಳೆಯರೇ, ಹೋಳೂರಿನ ಮಂಜಣ್ಣನ ತೋಟದ ಮನೆಗೆ ಇರುವುದು ಸೋಲಾರ್ ಕರೆಂಟ್ ಮಾತ್ರ. ಅದನ್ನು ಜೋಡಿಸಿದವನು ನಾನು. ಇಂದು ಅವನ ಹೊಸ ಎಲೆಕ್ಟ್ರಿಕ್ ಕಾರನ್ನು ಚಾರ್ಜಿಗೆ ಹಾಕಿದ ಕೂಡಲೇ ಇನ್ವರ್ಟರ್ ಕಿರುಚಿ ಆಫ್ ಆಯಿತು. ಮೂರು ಸಲ.

"ಹತ್ತನೇ ಕ್ಲಾಸ್ ಬಿಟ್ಟೋನ ಕೈಲಿ ಕೆಲ್ಸ ಮಾಡಿಸ್ದೆ ನೋಡು!" ಎಂದು ಮಂಜಣ್ಣ ನನ್ನ ಮೇಲೆ ರೇಗಿದ.

"ಅಣ್ಣಾ, ರೇಷ್ಮೆ ಹುಳದ ಮನೆ ಹೀಟರೂ ಆನ್ ಐತೆ. ಎರಡನ್ನೂ ಒಟ್ಟಿಗೆ ಇದು ಎಳೆಯಲ್ಲ. ಕಾರಿನ ಸ್ಕ್ರೀನಲ್ಲಿ ಚಾರ್ಜಿಂಗ್ ಕಮ್ಮಿ ಇಡು."

"ಕಮ್ಮಿ ಇಡಕ್ಕೆ ಇಷ್ಟ್ ದೊಡ್ಡ ಕಾರ್ ತಗೊಂಡ್ನೇನ್ಲಾ?" ಎನ್ನುತ್ತಾ ಹೀಟರ್ ಆರಿಸಲು ಹೊರಟ. ಬಾಗಿಲಲ್ಲೇ ಅವನ ಹೆಂಡತಿ ಲಕ್ಷ್ಮಕ್ಕ ತಡೆದರು: "ಚಳಿಗೆ ಹುಳ ಸತ್ರೆ ನಿಮ್ ಕಾರಿಗೇ ಸೊಪ್ಪು ಹಾಕಿ ಗೂಡು ಕಟ್ಟಿಸ್ಕೊಳ್ಳಿ!"

ಮಂಜಣ್ಣ ಕಾರಿಗೆ ವಾಪಸ್ ಬಂದು ಚಾರ್ಜಿಂಗ್ ಕಮ್ಮಿ ಇಟ್ಟ. ಇನ್ವರ್ಟರ್ ಮತ್ತೆ ಕಿರುಚಲಿಲ್ಲ; ಕಾರೂ ಹೀಟರೂ ಒಟ್ಟಿಗೆ ನಡೆದವು.

ಈಗ ಅವನ ಸ್ಟೇಟಸ್ ನೋಡಿದೆ: "ಸಮಸ್ಯೆಯನ್ನು ನಾನೇ ಕಂಡುಹಿಡಿದೆ." ನನ್ನ ಹೆಸರಿಲ್ಲ, ಲಕ್ಷ್ಮಕ್ಕನ ಹೆಸರೂ ಇಲ್ಲ. ಹೋಗಲಿ, ಹುಳಗಳಿಗಾದರೂ ಒಂದು ಥ್ಯಾಂಕ್ಸ್ ಹೇಳಬಹುದಿತ್ತು.