ಸನ್‌ರೂಫಿನ ತೂಕ

೧೯೯೧ರಲ್ಲಿ, ಒಂಬತ್ತನೇ ತರಗತಿಯ ಅರ್ಧವಾರ್ಷಿಕ ಪರೀಕ್ಷೆ ಮುಗಿದ ಮರುದಿನ, ನಾನು ಓದು ಬಿಟ್ಟೆ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಮೈಸೂರಿನಲ್ಲಿ ಮೊಸಾಯಿಕ್ ನೆಲ ಹಾಕುವುದನ್ನು ಕಲಿತು, ಮಸ್ಕತ್ತಿನಲ್ಲಿ ಟೈಲ್ಸ್ ಕೆಲಸ ಮಾಡಿ, ಕಳೆದ ಹದಿನೆಂಟು ವರ್ಷಗಳಿಂದ ಸಿಡ್ನಿಯ ಪಶ್ಚಿಮದ ಸಬರ್ಬ್‌ಗಳಲ್ಲಿ ಬಾತ್‌ರೂಮುಗಳಿಗೆ ಟೈಲ್ಸ್ ಕೂರಿಸುತ್ತಿದ್ದೇನೆ. ಇಷ್ಟೂ ವರ್ಷ ಮಂಡಿಯೂರಿ ಮಾಡಿದ ಕೆಲಸ. ನನ್ನ ಎಡಮಂಡಿ ಈಗ ಮಳೆಗಾಲದ ಬಾಗಿಲಿನ ಹಾಗೆ, ಒಂದೊಂದು ದಿನ ಮಡಚುತ್ತದೆ, ಒಂದೊಂದು ದಿನ ಇಲ್ಲ.

ನನ್ನ ಬಾಮೈದ ಎರಡು ಡಿಗ್ರಿ ಮಾಡಿದವನು. ಮ್ಯಾಕ್ವೆರಿ ಪಾರ್ಕಿನ ಔಷಧ ಕಂಪನಿಯೊಂದರಲ್ಲಿ ಕಂಪ್ಯೂಟರ್ ಕೆಲಸ. ಕಳೆದ ವರ್ಷ ನನ್ನ ಹಳೆಯ ವ್ಯಾನಿನ ಎಂಜಿನ್ ಸತ್ತಾಗ, ಹೊಸ ಗಾಡಿ ಆರಿಸಿಕೊಡುವ ಹೊಣೆಯನ್ನು ಕೇಳದೆಯೇ ಹೊತ್ತುಕೊಂಡವನು ಅವನು.

ನನಗೆ ಗಾಡಿ ತುರ್ತಾಗಿ ಬೇಕಿತ್ತು. ಸಾಲುಮನೆಗಳ ದೊಡ್ಡ ಸೈಟೊಂದರಲ್ಲಿ ಇಪ್ಪತ್ತನಾಲ್ಕು ಬಾತ್‌ರೂಮುಗಳ ಕೆಲಸ ಸಿಕ್ಕಿತ್ತು. ಟೈಲ್ಸನ್ನು ಗೋದಾಮಿನಿಂದ ನಾನೇ ತರಬೇಕು, ಮೂರು ವಾರದಲ್ಲಿ ಶುರು ಮಾಡಬೇಕು, ಇಲ್ಲವಾದರೆ ಕೆಲಸ ಬೇರೆಯವರಿಗೆ ಎಂದು ಬಿಲ್ಡರ್ ಖಂಡಿತವಾಗಿ ಹೇಳಿದ್ದ. ಸೈಟು ಕೆಸರು, ಅಳತೆ ತೆಗೆಯಲು ಹೋದಾಗ ವ್ಯಾನ್ ಅಲ್ಲಿ ಎರಡು ಸಲ ಹೂತಿತ್ತು. ಹಾಗಾಗಿ ಈ ಸಲ ದೊಡ್ಡ ಪಿಕಪ್ಪೇ ಆಗಲಿ ಎಂದುಕೊಂಡೆ. ದಿನದ ಹೊರೆ ನನಗೆ ಬಾಯಿಪಾಠ: ಇಪ್ಪತ್ತೈದು ಕಿಲೋದ ಟೈಲ್ಸ್ ಡಬ್ಬ ಇಪ್ಪತ್ತು, ಇಪ್ಪತ್ತು ಕಿಲೋದ ಟೈಲ್ ಗಮ್ಮಿನ ಮೂಟೆ ಹತ್ತು, ಟೈಲ್ಸ್ ಕೊಯ್ಯುವ ಮೆಷಿನ್ ಅರವತ್ತು ಕಿಲೋ, ನಾನು ಎಪ್ಪತ್ತೈದು. ಒಟ್ಟು ಎಂಟುನೂರ ಮೂವತ್ತೈದು.

ಬಾಮೈದ ಒಂದು ಭಾನುವಾರ ಲ್ಯಾಪ್‌ಟಾಪ್ ಹಿಡಿದು ಬಂದ. ಒಂದೇ ಪಿಕಪ್ಪಿನ ನಾಲ್ಕು ಮಾಡೆಲ್‌ಗಳನ್ನು ಪಕ್ಕಪಕ್ಕ ಇಟ್ಟು ಹಾಳೆ ಮಾಡಿದ್ದ. ಐವತ್ತಾರು ಸಾಲು. ಇದ್ದರೆ ಹಸಿರು, ಇಲ್ಲದಿದ್ದರೆ ಕೆಂಪು. ಬಿಸಿಯಾಗುವ ಸೀಟು, ತಣ್ಣಗಾಗುವ ಸೀಟು, ಬೆನ್ನು ತಿಕ್ಕುವ ಸೀಟು. ಕುಂಡೆಗೆ ಇಷ್ಟು ಉಪಚಾರವನ್ನು ನಾನು ಮದುಮಗನಾದಾಗಲೂ ಕಂಡಿರಲಿಲ್ಲ. ಹತ್ತೊಂಬತ್ತು ಸ್ಪೀಕರ್. ಮಾಡಿನ ತುಂಬ ಗಾಜಿನ ಸನ್‌ರೂಫ್. ಬಟನ್ ಒತ್ತಿದರೆ ಬೀಳುವ ಹಿಂಬಾಗಿಲು. ಬಾಗಿಲು ತೆರೆದರೆ ತಾನಾಗಿ ಇಳಿಯುವ ಮೆಟ್ಟಿಲು.

"ಭಾವ, ಬೇಸ್ ಮಾಡೆಲ್ ನೋಡಿ, ಬರೀ ರೆಡ್ಡು. ಅದನ್ನ ತಗೊಂಡ್ರೆ ವೇಸ್ಟು. ಟಾಪ್ ಎಂಡ್‌ಗೆ ಐವತ್ತಾರಕ್ಕೆ ಐವತ್ನಾಲ್ಕು ಸ್ಕೋರ್."

"ಸ್ಕೋರ್ ಕೊಟ್ಟಿದ್ದು ಯಾರು?"

"ನಾನೇ."

"ಹೊರೋದು ಎಷ್ಟು?"

"ಏನು ಹೊರೋದು?"

"ಗಾಡಿ ಕಣಯ್ಯಾ. ಎಷ್ಟು ಕಿಲೋ ಹೊರುತ್ತೆ?"

ಅವನು ಹಾಳೆಯನ್ನು ಮೇಲೆ ಕೆಳಗೆ ಉರುಳಿಸಿದ. ಹೊರುವ ಗಾಡಿಯ ಬಗ್ಗೆ ಬರೆದ ಐವತ್ತಾರು ಸಾಲಿನಲ್ಲಿ ಆ ಸಾಲೇ ಇರಲಿಲ್ಲ. "ಎಲ್ಲಾ ಒಂದೇ ಇರುತ್ತೆ ಭಾವ. ಸೇಮ್ ಎಂಜಿನ್ ತಾನೆ?" ಎಂದ.

ಅಡುಗೆಮನೆಯಿಂದ ನನ್ನ ಹೆಂಡತಿ, "ರೀ, ಪಾಪ ಅವನು ಎರಡು ದಿನ ರಜಾ ಹಾಕಿ ಮಾಡಿದಾನೆ, ಸ್ವಲ್ಪ ಮೆತ್ತಗೆ ಮಾತಾಡಿ" ಎಂದಳು. ರಜೆ ಹಾಕಿ ಮಾಡಿದ್ದು ಎಂದು ತಿಳಿದ ಮೇಲೆ ನನಗೆ ಇನ್ನೂ ಹೇಸಿಗೆಯಾಯಿತು.

ಶೋರೂಮಿನ ಹುಡುಗ ಬಾಮೈದನಿಗಿಂತ ಕಡೆ. ಚೂಪು ಬೂಟು, ಗಡ್ಡಕ್ಕೆ ಎಣ್ಣೆ. ಪಿಕಪ್ಪಿನ ಹಿಂದೆ ಸಾಮಾನು ಹೇರುವ ಟ್ರೇ ಒಳಗೆ ಕಾರ್ಪೆಟ್ ಹಾಸಿದ್ದನ್ನು ಹೆಮ್ಮೆಯಿಂದ ತೋರಿಸಿದ. ಸಿಮೆಂಟು ಸುರಿಯುವ ಜಾಗಕ್ಕೆ ಕಾರ್ಪೆಟ್! ಹೊರೆ ಎಷ್ಟು ಎಂದು ಕೇಳಿದರೆ ಕಂಪ್ಯೂಟರ್ ನೋಡಲು ಹೋದ. ಅವನು ಬರುವಷ್ಟರಲ್ಲಿ ನಾನು ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಿಂದ ಪುಸ್ತಕ ತೆಗೆದು ಕೊನೆಯ ಪುಟದ ಪಟ್ಟಿಯನ್ನು ಓದಿ ಮುಗಿಸಿದ್ದೆ. ಬೇಸ್ ಮಾಡೆಲ್ ಒಂಬೈನೂರ ಹತ್ತು ಕಿಲೋ ಹೊರುತ್ತದೆ. ಟಾಪ್ ಎಂಡ್ ಏಳುನೂರ ಇಪ್ಪತ್ತು.

"ಇದು ಹೇಗೆ ಭಾವ? ಜಾಸ್ತಿ ಕೊಟ್ಟು ಕಡಿಮೆ ಹೊರೋದಾ?" ಬಾಮೈದ ನಿಜವಾಗಿಯೂ ಕಣ್ಣರಳಿಸಿದ.

ಹೇಗೆಂದು ಹೇಳಿಕೊಟ್ಟೆ. ಗಾಡಿ ಮತ್ತು ಹೊರೆ ಸೇರಿ ಇಷ್ಟೇ ತೂಗಬೇಕೆಂದು ಒಂದು ಮಿತಿ ಇರುತ್ತದೆ. ನಾಲ್ಕೂ ಮಾಡೆಲ್‌ಗೆ ಅದು ಒಂದೇ. ಸೀಟಿನ ಮೋಟಾರು, ಗಾಜಿನ ಮಾಡು, ಹತ್ತೊಂಬತ್ತು ಸ್ಪೀಕರು, ಎಲ್ಲಕ್ಕೂ ತೂಕವಿದೆ. ಸನ್‌ರೂಫಿನ ತೂಕ ನನ್ನ ಟೈಲ್ಸಿನ ತೂಕದಲ್ಲಿ ಕಳೆಯುತ್ತದೆ. ಇಷ್ಟಕ್ಕೆ ಒಂಬತ್ತನೇ ತರಗತಿಯ ಅರ್ಧವೇ ಸಾಕು.

ಆದರೆ ಸಿಡ್ನಿಯಲ್ಲಿ ಬೇಸ್ ಮಾಡೆಲ್ ಇರಲಿಲ್ಲ. ಅದನ್ನು ಯಾರೂ ಕೇಳುವುದಿಲ್ಲ, ತರಿಸಲು ಆರು ತಿಂಗಳು ಬೇಕು ಎಂದು ಆ ಹುಡುಗ ನಕ್ಕ. ಒಂದು ವರ್ಷ ಓಡಿದ್ದು ಮೆಲ್ಬರ್ನಿನಲ್ಲಿ ಇದೆಯೆಂದು ಬಾಮೈದ ಫೋನಿನಲ್ಲಿ ಹುಡುಕಿ ತೆಗೆದ. ಆ ಮಟ್ಟಿಗೆ ಅವನು ಕೆಲಸಕ್ಕೆ ಬಂದ. ಇಬ್ಬರೂ ವಿಮಾನದಲ್ಲಿ ಹೋದೆವು.

ಆ ರಾತ್ರಿ ಉಳಿದದ್ದು ಅಲ್ಲಿನ ಡಾಕ್‌ಲ್ಯಾಂಡ್ಸಿನಲ್ಲಿ, ಬಾಮೈದನ ಕಾಲೇಜಿನ ಗೆಳೆಯನ ಮನೆಯಲ್ಲಿ. ಗೆಳೆಯ ಬ್ಯಾಂಕಿನವನು. ಅವನ ಬಳಿ ಅದೇ ಪಿಕಪ್ಪಿನ ಟಾಪ್ ಎಂಡ್ ಇತ್ತು. ನನಗಿಂತ ಹತ್ತು ವರ್ಷ ಚಿಕ್ಕವನಷ್ಟೆ, ಆದರೂ ನನ್ನನ್ನು ಬಾಯಿತುಂಬ ಅಂಕಲ್ ಎಂದ. ಗಾಡಿ ತೋರಿಸುತ್ತೇನೆ ಬನ್ನಿ ಎಂದು ಲಿಫ್ಟಿನಲ್ಲಿ ಇಳಿಸಿ, ರಸ್ತೆಗೆ ಕರೆತಂದು, ಟ್ರಾಮ್ ಹತ್ತಿಸಿದ. ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಆ ಗಾಡಿ ಹಿಡಿಸುವುದಿಲ್ಲವಂತೆ. ನಾಲ್ಕು ಸ್ಟಾಪ್ ಆಚೆ ಬಾಡಿಗೆಯ ಬಯಲಿನಲ್ಲಿ ನಿಲ್ಲಿಸುತ್ತಾನೆ. ಗಾಡಿ ಹತ್ತಲು ಟ್ರಾಮ್ ಹತ್ತಿ ಹೋಗುವ ಮನುಷ್ಯನನ್ನು ನಾನು ನೋಡಿದ್ದು ಅದೇ ಮೊದಲು.

"ಇದರಲ್ಲಿ ಇಲ್ಲಿವರೆಗೆ ಏನು ಹೇರಿದೀರಿ?" ಎಂದು ಕೇಳಿದೆ.

"ಒಂದ್ಸಲ ಟಿವಿ ತಂದಿದ್ವಿ ಅಂಕಲ್. ಬಾಕ್ಸ್ ಸಮೇತ ಹಿಡೀತು, ಗೊತ್ತಾ!"

ಬಾಗಿಲು ತೆರೆದ ಕೂಡಲೇ ಗಾಡಿಯ ಹೊಟ್ಟೆಯಡಿಯಿಂದ ಮೆಟ್ಟಿಲು ನಾಲಿಗೆಯಂತೆ ಚಾಚಿಕೊಂಡಿತು. ನಾನು ಅದನ್ನು ತುಳಿಯದೆ, ಕಂಬಿ ಹಿಡಿದು, ಕಾಲೆತ್ತಿ ಹತ್ತಿದೆ. ಮಂಡಿ ಲಟಕ್ಕೆಂದಿತು.

"ಭಾವ, ಮೆಟ್ಟಿಲಿದೆಯಲ್ಲ?"

"ಅದು ಹೆಂಗಸರಿಗೆ."

ಮರುದಿನ ಬೇಸ್ ಮಾಡೆಲ್ ತೆಗೆದುಕೊಂಡೆ. ಬಿಳಿ ಬಣ್ಣ, ಬಟ್ಟೆಯ ಸೀಟು, ಕಾಲಡಿ ರಬ್ಬರಿನ ಹಾಸು, ಟ್ರೇ ಒಳಗೆ ಬರೀ ತಗಡು. ಹೈವೇ ಹಿಡಿದು ಸಿಡ್ನಿಗೆ ಹೊರಟೆವು. ಫೋನಿಗೆ ಚಾರ್ಜ್ ಹಾಕಲು ವೈರ್ ಚುಚ್ಚಬೇಕಲ್ಲ ಎಂದು ಬಾಮೈದ ಆಲ್ಬರಿಯವರೆಗೆ ಗೊಣಗಿದ, ಆಮೇಲೆ ನಿದ್ದೆ ಹೋದ. ದಾರಿಯುದ್ದಕ್ಕೂ ನನ್ನ ಮನಸ್ಸು ತುಂಬಿತ್ತು. ಐವತ್ತಾರು ಸಾಲನ್ನು ಒಂದೇ ಪ್ರಶ್ನೆಯಲ್ಲಿ ಹೊಡೆದು ಕೆಡವಿದ್ದೆನಲ್ಲ.

ಸಂಜೆ ಮನೆ ತಲುಪಿದಾಗ ಹೆಂಡತಿ ಆರತಿ ತಟ್ಟೆ, ಚಕ್ರದಡಿ ಇಡಲು ನಿಂಬೆಹಣ್ಣು ಹಿಡಿದು ನಿಂತಿದ್ದಳು. ಬಾಗಿಲು ತೆರೆದೆ. ಒಂಬತ್ತು ಗಂಟೆ ಕೂತಿದ್ದ ಮಂಡಿ ಮಡಚಲಿಲ್ಲ. ನೆಲ ಎಲ್ಲೋ ಕೆಳಗಿತ್ತು. ಮೆಟ್ಟಿಲಿಲ್ಲ. ಬೆನ್ನು ತಿರುಗಿಸಿ, ಏಣಿಯಿಂದ ಇಳಿಯುವವನ ಹಾಗೆ ಒಂದು ಕಾಲು ಇಳಿಬಿಟ್ಟೆ. ಅದು ನೆಲಕ್ಕೆ ತಾಗಲಿಲ್ಲ. ಬಾಗಿಲಿಗೆ ಜೋತುಬಿದ್ದು ಹಾಗೇ ಉಳಿದೆ. ಆಗ ನನಗೆ ಹೊಳೆದದ್ದು ಆರತಿಯಲ್ಲ, ಸೈಟು. ಅಲ್ಲಿ ದಿನಕ್ಕೆ ಇಪ್ಪತ್ತು ಮೂವತ್ತು ಸಲ ಹತ್ತಿಳಿಯಬೇಕು. ಇನ್ನು ನಾಲ್ಕು ದಿನಕ್ಕೆ ಕೆಲಸ ಶುರು. ಗಾಡಿ ಹೊರುತ್ತದೆ ಸರಿ, ಗಾಡಿಗೆ ನಾನು ಹತ್ತುವುದು ಹೇಗೆ?

ಹೆಂಡತಿ ತಟ್ಟೆ ಕೆಳಗಿಟ್ಟು, ಜಗಲಿಯಲ್ಲಿದ್ದ ನನ್ನದೇ ಗಮ್ಮು ಕಲಸುವ ಖಾಲಿ ಬಕೆಟ್ ತಂದು ಕಾಲಡಿ ಬೋರಲು ಹಾಕಿದಳು.

"ಅಕ್ಕಾ, ಮೆಟ್ಟಿಲು ಹೆಂಗಸರಿಗಂತೆ" ಎಂದ ಬಾಮೈದ ಆ ಕಡೆಯಿಂದ.

"ಹೌದಾ? ಹಾಗಾದ್ರೆ ಇದು ಬಕೆಟ್ಟು. ಇಳೀರಿ."

ಇಳಿದೆ. ನಿಂಬೆಹಣ್ಣು ಜಜ್ಜಲು ಮತ್ತೆ ಹತ್ತಬೇಕಾಯಿತು, ಅದಕ್ಕೂ ಬಕೆಟ್ಟೇ. ಬಾಮೈದ ಲ್ಯಾಪ್‌ಟಾಪ್ ತೆಗೆಯಲಿಲ್ಲ. ತೆಗೆಯುವ ಅಗತ್ಯವೂ ಇರಲಿಲ್ಲ. ನಲವತ್ತೊಂದನೇ ಸಾಲು, ಮೆಟ್ಟಿಲು, ನನಗೆ ನೆನಪಿತ್ತು. ಅದೊಂದು ಸರಿಯಿತ್ತು. ಉಳಿದ ಐವತ್ತೈದರ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ.

ಮಾರನೆಯ ಬೆಳಿಗ್ಗೆ ಗೇಟು ಮಾಡುವ ವೆಲ್ಡರ್ ಒಬ್ಬನ ಹತ್ತಿರ ಹೋಗಿ, ಎರಡೂ ಕಡೆ ಕಬ್ಬಿಣದ ಮೆಟ್ಟಿಲು ಮಾಡಿಸಿದೆ. ಮೋಟಾರಿಲ್ಲ, ನಾಲಿಗೆ ಚಾಚುವುದಿಲ್ಲ, ಬಿಗಿದಲ್ಲೇ ಇರುತ್ತದೆ. ಕೂರಿಸುವ ಮೊದಲು ತೂಗಿಸಿದೆ: ಎರಡೂ ಸೇರಿ ಹದಿನೆಂಟು ಕಿಲೋ. ಒಂಬೈನೂರ ಹತ್ತರಲ್ಲಿ ಅದನ್ನೂ ನನ್ನ ಹೊರೆಯನ್ನೂ ಕಳೆದರೆ ಐವತ್ತೇಳು ಉಳಿಯುತ್ತದೆ. ಹೆಂಡತಿ ಅದಕ್ಕಿಂತ ಸ್ವಲ್ಪ ಹೆಚ್ಚು. ಅವಳು ಜೊತೆಗೆ ಬರುವ ದಿನ ಗಮ್ಮಿನ ಒಂದು ಮೂಟೆ ಬಿಟ್ಟು ಹೋಗುತ್ತೇನೆ.

ಕೆಲಸ ಹೇಳಿದ ದಿನವೇ ಶುರುವಾಯಿತು. ಈಗ ನನ್ನ ಹತ್ತಿರ ಇರುವುದು ಇಷ್ಟು: ಬಿಳಿಯ ಗಾಡಿ ಒಂದು, ಕಬ್ಬಿಣದ ಮೆಟ್ಟಿಲು ಎರಡು, ಟೈಲ್ಸ್ ಕೊಯ್ಯುವ ಮೆಷಿನ್ ಒಂದು, ಮುಗಿಸಿದ ಬಾತ್‌ರೂಮು ಹದಿನೇಳು, ಉಳಿದದ್ದು ಏಳು, ಮಡಚುವ ಮಂಡಿ ಒಂದು.