ಸುಳ್ಳು ವಯಸ್ಸು ಬರೆಯದ ಕಾಂಪೌಂಡರು

ಕಾಂಪೌಂಡರ ಬಲಗೈ ಹೆಬ್ಬೆರಳು ಯಾವಾಗಲೂ ಅಯೋಡಿನ್ ಬಣ್ಣಕ್ಕೆ ತಿರುಗಿರುತ್ತಿತ್ತು. ಆ ಬೆರಳಿನಿಂದ ನನ್ನ ತುಟಿ ಎತ್ತಿ, ಒಂದೊಂದೇ ಹಲ್ಲು ಅಲುಗಿಸಿ ನೋಡಿದರು. ಕಹಿಗೆ ಮುಖ ಕಿವುಚಿದೆ. ನಮ್ಮನ್ನು ಕರೆತಂದಿದ್ದ ಮಿಲ್ಲಿನ ಮೇಸ್ತ್ರಿ ನನ್ನ ತಲೆಗೆ ಮೊಟಕಿದ.

"ನನ್ನ ಮುಂದೆ ಮಗೀಗೆ ಒಡೀತೀಯೇನ್ಲಾ? ಅತ್ಲಾಗ್ ಸರಿ," ಎಂದು ಗದರಿದರು ಕಾಂಪೌಂಡರು.

ಹೊಳೆನರಸೀಪುರದಿಂದ ಆಚೆಗಿದ್ದ ನಮ್ಮೂರಿಗೆ ಆಗಷ್ಟೇ ಅಕ್ಕಿ ಮಿಲ್ಲು ಬಂದಿತ್ತು. ಯುದ್ಧದ ಕಾಲ. ಓಡುವ ಬೆಲ್ಟಿನಡಿ ತೂರಿ ತೌಡು ಬಾಚಲು ಸಣ್ಣ ಮೈಯವರೇ ಬೇಕಿತ್ತು. ಹನ್ನೆರಡು ತುಂಬದವರನ್ನು ಕೆಲಸಕ್ಕಿಟ್ಟುಕೊಳ್ಳಬಾರದೆಂದು ಕಾಯಿದೆಯಿತ್ತು. ಅದಕ್ಕೇ ವಯಸ್ಸಿನ ಚೀಟಿ ಬರೆಸಲು ನಮ್ಮ ಕೇರಿಯ ಆರು ಮಕ್ಕಳನ್ನು ಆಸ್ಪತ್ರೆಗೆ ಕರೆತಂದಿದ್ದರು. ನನಗೆ ಒಂಬತ್ತು. ಪಕ್ಕದಲ್ಲಿದ್ದ ನಮ್ಮ ಚಿಕ್ಕಪ್ಪನ ಮಗಳಿಗೆ ಎಂಟು.

"ಇವಕ್ಕೆ ಇನ್ನೂ ಆಲಲ್ಲು ಪೂರಾ ಉದ್ರಿಲ್ಲ. ಅನ್ನೆರಡು ಅಂತ ಯೆಂಗ್ಲಾ ಬರೀಲಿ?"

"ಸಾವ್ಕಾರ್ರು ಯೋಳವ್ರೆ, ಬರ್ದಾಕ್ಬುಡಿ ಸಾ," ಎಂದ ಮೇಸ್ತ್ರಿ.

"ನಿಮ್ ಸಾವ್ಕಾರ್ರ ಮಕ್ಕಳ್ನ ಕರ್ಕಂಡ್ ಬಾ. ಅವಕ್ಕಾದ್ರೆ ಬರ್ಕೊಡ್ತೀನಿ."

ಒಳಗಿನಿಂದ ಡಾಕ್ಟರು ಬಂದರು. ನಮ್ಮ ಮುಖ ಕೂಡ ನೋಡದೆ ಆರು ಚೀಟಿಗೂ ಹನ್ನೆರಡೆಂದು ಬರೆದು ಸಹಿ ಹಾಕಿದರು.

ಮೂರು ತಿಂಗಳೊಳಗೆ ಚಿಕ್ಕಪ್ಪನ ಮಗಳ ಜಡೆ ಬೆಲ್ಟಿಗೆ ಸಿಕ್ಕಿತು. ಮಿಲ್ಲು ನಿಲ್ಲಿಸುವಷ್ಟರಲ್ಲಿ ಅವಳ ಕೂಗು ನಿಂತಿತ್ತು. ಗೋಣಿತಾಟಿನಲ್ಲಿ ಸುತ್ತಿ ಆಸ್ಪತ್ರೆಗೆ ತಂದರು. ಅಪ್ಪನಿಗೆ ಬುತ್ತಿ ಕೊಡಲು ಬಂದ ಮಗು ಎಂದು ಬರೆಯಿರಿ ಅಂದರು ಡಾಕ್ಟರು. ಬಾಗಿಲಲ್ಲಿ ನಿಂತಿದ್ದ ನನ್ನನ್ನು ಕಾಂಪೌಂಡರು ಒಳಗೆ ಕರೆದು ಸ್ಟೂಲಿನ ಮೇಲೆ ಕೂರಿಸಿದರು. ಆಮೇಲೆ, ಆಸ್ಪತ್ರೆ ರಿಜಿಸ್ಟರಿನಲ್ಲಿ ಬರೆಯುತ್ತಿದ್ದುದನ್ನೇ ಗಟ್ಟಿಯಾಗಿ ಓದಿದರು: "ಎಂಟು ವರ್ಷ. ಮಿಲ್ಲಿನ ಕೆಲಸದವಳು."

"ಅದನ್ನ ಹೊಡೆದುಹಾಕಿ."

"ನಾನು ಹೊಡೆಯೋಲ್ಲ ಸಾರ್. ನೀವೇ ಹೊಡೀರಿ. ಈ ಮಗು ಮುಂದೆ ಹೊಡೀರಿ."

ಡಾಕ್ಟರು ಪೆನ್ನು ಕೆಳಗಿಟ್ಟು ಎದ್ದುಹೋದರು.

ಮಿಲ್ಲಿನ ಮೇಲೆ ಕಾಂಪೌಂಡರು ಬರೆದ ಅರ್ಜಿಗೆ ಹಾಸನದಿಂದ ಸಾಹೇಬರೊಬ್ಬರು ತನಿಖೆಗೆ ಬಂದರು. ಅವತ್ತು ಮಿಲ್ಲಿನಲ್ಲಿ ಮಕ್ಕಳಿಗೆಲ್ಲ ರಜಾ ಕೊಟ್ಟಿದ್ದರು. ಸಾಹೇಬರು ಮಿಲ್ಲಿನ ಸಾಹುಕಾರರ ಮನೆಯಲ್ಲಿ ಉಂಡು, ಜಗಲಿಯಲ್ಲಿ ಎಲೆಯಡಿಕೆ ಮೆಲ್ಲುತ್ತಿದ್ದರು. ಉರಿಬಿಸಿಲಲ್ಲಿ ನನ್ನ ಕೈಹಿಡಿದು ಕಾಂಪೌಂಡರು ನೇರವಾಗಿ ಆ ಜಗಲಿಯನ್ನೇ ಹತ್ತಿದರು. ಹೊಟ್ಟು ಚುಚ್ಚಿ ಕೀವಾಗಿದ್ದ ನನ್ನ ಅಂಗೈ ಬಿಡಿಸಿ ತೋರಿಸಿದರು.

"ಇದೆಲ್ಲ ಕಾಗದದಲ್ಲಿ ಬರಬೇಕು ಕಣ್ರೀ," ಎಂದರು ಸಾಹೇಬರು.

"ಬಂದಿದೆ ಸ್ವಾಮಿ. ಕಾಯಿದೆಯೂ ಕಾಗದದಲ್ಲೇ ಇದೆ. ಸತ್ತ ಮಗುವೂ ಈಗ ಕಾಗದದಲ್ಲೇ ಇದೆ. ಇನ್ನು ಎಷ್ಟು ಮಕ್ಕಳು ಅಲ್ಲಿಗೆ ಬರಬೇಕು?"

ಅವರು ನನ್ನ ಮಣಿಕಟ್ಟು ನೋಯುವಷ್ಟು ಬಿಗಿಯಾಗಿ ಹಿಡಿದಿದ್ದರು.

ಮಿಲ್ಲಿಗೆ ಸಣ್ಣದೊಂದು ದಂಡ ಬಿತ್ತು. ಕಾಂಪೌಂಡರಿಗೆ ಅರಕಲಗೂಡಿಗೆ ವರ್ಗವಾಯಿತು. ಸುಳ್ಳು ಚೀಟಿ ಬರೆದ ಡಾಕ್ಟರನ್ನು ಯಾರೂ ಏನೂ ಕೇಳಲಿಲ್ಲ. ಇವತ್ತಿಗೂ ಅದನ್ನು ನೆನೆದರೆ ನನಗೆ ಮೈ ಉರಿಯುತ್ತದೆ.

ಊರು ಬಿಡುವ ಮೊದಲು ಅವರು ನನ್ನನ್ನು ತಾವೇ ಸ್ಕೂಲಿಗೆ ಸೇರಿಸಿದರು. "ಇವಳ್ನ ತಿರ್ಗಾ ಮಿಲ್ಲಿಗೆ ಕಳ್ಸುದ್ರೆ ಅರಕಲಗೂಡಿಂದ ನಡ್ಕಂಡಾದ್ರೂ ಬತ್ತೀನಿ," ಎಂದು ಅಪ್ಪನಿಗೆ ಹೇಳಿದರು. ಅಪ್ಪ ಹೆದರಿದ. ನಾನು ಓದಿದೆ.

ಹಾಸನದಲ್ಲಿ ಶಾಲೆಯ ಟೀಚರಾಗಲು ತರಬೇತಿ ಪಡೆಯುತ್ತಿದ್ದಾಗ ಅವರು ತೀರಿಕೊಂಡ ಸುದ್ದಿ ಬಂತು. ಅರಕಲಗೂಡಿಗೆ ಹೋದೆ. ಎಷ್ಟು ವರ್ಷ ದುಡಿದರೂ ಅವರಿಗೆ ಬಡ್ತಿ ಕೊಟ್ಟಿರಲಿಲ್ಲ. ನಾನು ಅಳುತ್ತ ಕೂತಿದ್ದಾಗ ಅವರ ಹೆಂಡತಿ ಕೇಳಿದರು:

"ನಿಮ್ಮೂರ ಮಿಲ್ಲಲ್ಲಿ ಈಗ್ಲೂ ಮಕ್ಕಳವ್ರಾ?"

"ಅವ್ರೆ ಅಮ್ಮಾ."

"ಅಳಾಕೆ ನಾನಿವ್ನಿ. ನಿಂಗೆ ಅಕ್ಸರ ಬತ್ತದಲ್ವಾ? ಓಗು, ಬರಿ."

ಅರಕಲಗೂಡಿನ ಅಂಚೆ ಕಚೇರಿಯ ಜಗಲಿಯಲ್ಲಿ ಕೂತು ನನ್ನ ಮೊದಲ ಅರ್ಜಿ ಬರೆದೆ. ಮೇಲೆ ಮಿಲ್ಲಿನ ಹೆಸರು. ಅದರ ಕೆಳಗೆ, ಯಾರೂ ಅಳಿಸಲಾಗದಂತೆ ಒತ್ತಿ, ನನ್ನದು.